ಕೇಬಲ್ ಚಿಕ್ಕಣ್ಣನ ದನಿ

ಆಸ್ಪತ್ರೆಯಲ್ಲಿದ್ದ ಗಂಡನಿಗೆ ಒಯ್ಯಲೆಂದು ಲಕ್ಷ್ಮಿದೇವಮ್ಮ ಗಂಜಿಯನ್ನು ಫ್ಲಾಸ್ಕಿಗೆ ಬಗ್ಗಿಸುತ್ತಿದ್ದಾಗ ಪಕ್ಕದ ಮನೆಯ ಕಿಟಕಿಯಿಂದ ಅದೇ ಗಂಡನ ದನಿ ಕೇಳಿಸಿತು.

"ಬ್ಯಾಟರಾಯನಪುರದ ಸಮಸ್ತ ಬಂಧುಗಳಿಗೆ ನಮಸ್ಕಾರ."

ಗಂಟಲಿನ ಆಪರೇಷನ್ ಆಗಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ ಗಂಡನ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ರಾತ್ರಿಯಿಡೀ ಕಣ್ಣು ಮುಚ್ಚದೆ ಕುಳಿತಿದ್ದ ಆಕೆಯ ತಲೆಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ. ಡಾಕ್ಟರು ಏನೋ ಮಾಡಿದ್ದಾರೆ, ದನಿ ವಾಪಸ್ ಬಂದಿದೆ, ನಾನು ಸಿಗದೆ ಪಕ್ಕದ ಮನೆ ಮುನಿಕೃಷ್ಣಮ್ಮನ ಫೋನಿಗೆ ಮಾಡಿದ್ದಾರೆ. ಆಕೆಗೆ ಸಂತೋಷವಾಯಿತು. ಗಂಜಿ ತುಂಬಿ ಕೈಮೇಲೆ ಹರಿದದ್ದೂ ತಿಳಿಯದಷ್ಟು ಸಂತೋಷವಾಯಿತು.

"ತುಂಬು ದುಃಖದಿಂದ ತಿಳಿಸುವುದೇನೆಂದರೆ, ನಮ್ಮ ಊರಿನ ಶ್ರೀ ಚಿಕ್ಕಹನುಮಯ್ಯನವರು ಇಂದು ಮುಂಜಾನೆ ದೈವಾಧೀನರಾಗಿದ್ದಾರೆ. ಅಂತ್ಯಕ್ರಿಯೆ ಇಂದು ಮಧ್ಯಾಹ್ನ ಊರಿನ ರುದ್ರಭೂಮಿಯಲ್ಲಿ ನಡೆಯಲಿದೆ. ಮುಂದಿನ ಸುದ್ದಿ, ನಾಳೆ ಕೊಡಿಗೇಹಳ್ಳಿ ಸುತ್ತಮುತ್ತ ಕರೆಂಟ್ ಇರುವುದಿಲ್ಲ."

ದನಿ ನಿಂತಿತು. ಕಿಟಕಿಯಾಚೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಮುನಿಕೃಷ್ಣಮ್ಮ ಫೋನು ಹಿಡಿದುಕೊಂಡೇ ಓಡಿಬಂದು ಕಾಂಪೌಂಡ್ ಗೋಡೆಯ ಆಚೆ ನಿಂತಳು. ಇಪ್ಪತ್ತು ವರ್ಷದಿಂದ ನೆರೆಯವಳು, ಫೋನಿನಲ್ಲಿ ಸುದ್ದಿ ಓದುವ ಆ ದನಿ ಈ ಮನೆಗೆ ಕೇಳದ ಹಾಗೆ ಯಾವಾಗಲೂ ಸಣ್ಣಗೆ ಇಟ್ಟುಕೊಳ್ಳುತ್ತಿದ್ದವಳು, ಇವತ್ತು ಮರೆತಿದ್ದಳು.

"ಅಕ್ಕಾ, ಇದು ಸುಳ್ಳು ಯೋಳ್ತೈತೆ ಕಣಕ್ಕಾ. ಅಬ್ಬಿಗೆರೆ ರಾಮಕೃಷ್ಣಪ್ಪನ್ನೂ ಇಂಗೇ ಸಾಯ್ಸಿರ್ಲಿಲ್ವಾ? ಗುಂಡ್‌ಕಲ್ಲಂಗವ್ನೆ."

ಹೌದಲ್ಲ. ಯುಗಾದಿಯ ಸಮಯದಲ್ಲಿ ಫೋನು ಸಾಯಿಸಿದ್ದ ರಾಮಕೃಷ್ಣಪ್ಪ ಇವತ್ತಿಗೂ ದಿನಕ್ಕೆರಡು ಮುದ್ದೆ ಉಣ್ಣುತ್ತಿದ್ದ. ಲಕ್ಷ್ಮಿದೇವಮ್ಮ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದಳು. ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದ ಮಗಳು ನಯನಾಳಿಗೆ ಫೋನ್ ಮಾಡಲು ಕೈ ಬರಲಿಲ್ಲ. ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಮೇಲೆ ಕುಳಿತಳು. ಬಿಳಿ ಗಾಡಿ ಬೀದಿಗೆ ತಿರುಗುವವರೆಗೂ ಹಾಗೇ ಕುಳಿತಿದ್ದಳು.

ಗಾಡಿಯಿಂದ ಇಳಿದ ನಯನಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಳಲು ಬಾಯಿ ತೆರೆದಳು.

"ಗೊತ್ತಾಯ್ತು ಬಿಡು," ಅಂದಳು ತಾಯಿ. "ನಿಮ್ಮಪ್ಪನೇ ಯೋಳುದ್ರು."

*

ಹೆಣವನ್ನು ಜಗುಲಿಯ ಮೇಲೆ, ತೆಂಕಣಕ್ಕೆ ತಲೆ ಮಾಡಿ ಮಲಗಿಸಿದ್ದಾಯಿತು. ಕತ್ತಿನ ಕೆಳಗಿನ ತೂತಿಗೆ ಯಾವಾಗಲೂ ಸುತ್ತಿಕೊಳ್ಳುತ್ತಿದ್ದ ಬಿಳಿ ಬಟ್ಟೆಯನ್ನು ಹಾಗೇ ಬಿಟ್ಟಿದ್ದರು. ಬಾವಿ ಮುಚ್ಚಿದ ಜಾಗದಲ್ಲಿ ಒಲೆ ಹೂಡಿ ನೀರು ಕಾಯಿಸುತ್ತಿದ್ದವನು ಸತ್ತವನ ತಮ್ಮ ನಾಗೇಶ್. ಅವನೆದುರು ನಯನಾ ಬಂದು ನಿಂತಳು.

"ಚಿಕ್ಕಪ್ಪಾ, ನಾನು ನಿಮಗೆ ಫೋನ್ ಮಾಡಿದ್ದು ಆಂಬುಲೆನ್ಸ್‌ಗೆ. ಅಮ್ಮಂಗೆ ನಾನೇ ಬಂದು ಹೇಳ್ತೀನಿ, ಅಲ್ಲೀವರ್ಗೂ ಯಾರಿಗೂ ಬೇಡ ಅಂತ ಹೇಳಿದ್ನಲ್ವಾ?"

"ನಾನ್ ಹಾಕಿಲ್ಲ ಕಣಮ್ಮಾ. ಅಣ್ಣ ಹೋಗ್ಬಿಟ್ಟ, ಗಾಡಿ ಇದ್ರೆ ಕಳ್ಸ್ರೋ ಅಂತ ನಮ್ಮೋರ ಗ್ರೂಪಲ್ಲಿ ಒಂದ್ ಲೈನ್ ಹಾಕ್ದೆ. ಅದು ಅಲ್ಲಿಂದ ಎತ್ಕೊಂಡಿದೆ."

"ಅದು ಅಂದ್ರೆ ಯಾರು?"

"ಮಷಿನ್ನು."

"ಮಧ್ಯಾಹ್ನ ಮಣ್ಣು ಅಂತ ಯಾರ್ ಹೇಳಿದ್ರು ಅದಕ್ಕೆ?"

ನಾಗೇಶ್ ಒಲೆಗೆ ಸೌದೆ ತಳ್ಳಿದ. "ಯಾರೂ ಹೇಳಿಲ್ಲ. ನಮ್ಮ ಕಡೆ ಎಲ್ರದ್ದೂ ಮಧ್ಯಾಹ್ನವೇ ಅಲ್ವಾ, ಅದೇ ಸೇರಿಸ್ಕೊಂಡಿದೆ."

ನಯನಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಯಲಹಂಕ ಕಡೆಯ ನೆಂಟರು ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದರು. ಮಧ್ಯಾಹ್ನ ಅಂದಿದ್ದಕ್ಕೆ ಬೇಗ ಹೊರಟೆವು ಎಂದರು. ಹೀಗಾಗಿ ಚಿಕ್ಕಹನುಮಯ್ಯನ ಮಣ್ಣು ಮಧ್ಯಾಹ್ನವೇ ಎಂದು ತೀರ್ಮಾನವಾಯಿತು. ಮನೆಯ ಯಾರೂ ತೀರ್ಮಾನಿಸಲಿಲ್ಲ.

ನಾಗೇಶ್ ಕೆಟ್ಟವನಲ್ಲ. ಅಣ್ಣನನ್ನು ಹೊತ್ತುಕೊಂಡೇ ಆಸ್ಪತ್ರೆಯ ಮೆಟ್ಟಿಲು ಹತ್ತಿದವನು. ಅವನು ನಡೆಸುತ್ತಿದ್ದ 'ಊರುದನಿ' ಆ್ಯಪ್ ಈ ಕಡೆಯ ಎಷ್ಟೋ ಮನೆಗಳ ಫೋನಿನಲ್ಲಿತ್ತು. ವಾರ್ಡಿನ ಗ್ರೂಪು, ಗುಡಿಯ ಗ್ರೂಪು, ಅಪಾರ್ಟ್‌ಮೆಂಟಿನ ಗ್ರೂಪು ಎಲ್ಲದರಲ್ಲೂ ಇಣುಕಿ ಅದು ಸುದ್ದಿ ಆರಿಸುತ್ತಿತ್ತು. ಯಾರಿಗೆ ಏನು ಇಷ್ಟವೋ ಅವರಿಗೆ ಅದನ್ನೇ ಬಡಿಸುತ್ತಿತ್ತು. ಒಬ್ಬರಿಗೆ ಸೈಟಿನ ರೇಟು, ಒಬ್ಬರಿಗೆ ಸಿನಿಮಾ, ಒಬ್ಬರಿಗೆ ಜಗಳದ ವಿಡಿಯೊ. ಸಾವಿನ ಸುದ್ದಿ ಬೇಕು ಅನ್ನುವವರಿಗೆ ಮಾತ್ರ ಸಾವು. ಸುದ್ದಿ ಯಾವುದೇ ಇರಲಿ, ಓದುತ್ತಿದ್ದ ದನಿ ಒಂದೇ, ಇಲ್ಲಿ ತೆಂಕಣಕ್ಕೆ ತಲೆ ಮಾಡಿ ಮಲಗಿದ್ದವನದು.

*

ಈಗ ಮೇಲ್ಸೇತುವೆಯ ಕೆಳಗೆ ಕಾರುಗಳು ಸಾಲುಗಟ್ಟಿ ನಿಲ್ಲುವ ಕಡೆ ಚಿಕ್ಕಹನುಮಯ್ಯನ ಅಪ್ಪ ದ್ರಾಕ್ಷಿ ಬೆಳೆಯುತ್ತಿದ್ದ. ತೋಟ ಸೈಟುಗಳಾದಾಗ ಉಳಿದ ಅಣ್ಣತಮ್ಮಂದಿರು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಚಿಕ್ಕಹನುಮಯ್ಯ ಮಾಳಿಗೆಯ ಮೇಲೆ ದೊಡ್ಡ ಡಿಶ್ ಕೂರಿಸಿ ಮನೆಮನೆಗೂ ಕಪ್ಪು ವೈರು ಎಳೆದ. ಊರು ಅವನಿಗೆ ಕೇಬಲ್ ಚಿಕ್ಕಣ್ಣ ಎಂದು ಹೊಸ ನಾಮಕರಣ ಮಾಡಿತು.

ಸಂಜೆ ಏಳೂವರೆಗೆ ಅವನದೇ ಚಾನೆಲ್ಲಿನಲ್ಲಿ ಅರ್ಧ ಗಂಟೆ ಊರಿನ ಸುದ್ದಿ. ಹಿಂದೆ ನೀಲಿ ಪರದೆ, ಮುಂದೆ ಅವನು, ಬನಿಯನ್ನಿನ ಮೇಲೊಂದು ಕೋಟು. ಕರೆಂಟು ಯಾವಾಗ ಹೋಗುತ್ತದೆ, ನೀರು ಯಾವಾಗ ಬರುತ್ತದೆ, ಯಾರ ಹಸು ತಪ್ಪಿಸಿಕೊಂಡಿದೆ. ಕೊನೆಗೆ ಸಾವು. ಆಗ ಮಾತ್ರ ದನಿ ಇಳಿಯುತ್ತಿತ್ತು. ಒಂದೇ ಹೊತ್ತಿಗೆ ಇಡೀ ಬೀದಿ ಅಯ್ಯೋ ಅನ್ನುತ್ತಿತ್ತು, ಒಂದೇ ಹೊತ್ತಿಗೆ ಹೆಂಗಸರು ಬಾಗಿಲಿಗೆ ಬರುತ್ತಿದ್ದರು.

ಅವನದೊಂದು ಹಟವಿತ್ತು. ಹೋಗಿ ಮುಖ ನೋಡದೆ ಯಾರ ಸಾವನ್ನೂ ಓದುತ್ತಿರಲಿಲ್ಲ. ಒಮ್ಮೆ ಲಕ್ಷ್ಮಿದೇವಮ್ಮನ ಅಣ್ಣನೇ ಅಬ್ಬಿಗೆರೆಯಿಂದ ಫೋನ್ ಮಾಡಿ, ಸೋದರತ್ತೆ ಹೋದಳು, ಇವತ್ತೇ ಓದು ಅಂದ. ಸುದ್ದಿಯ ಹೊತ್ತಾಗಿತ್ತು. ಇವನು ಕೋಟು ಬಿಚ್ಚಿಟ್ಟು ಮೊಪೆಡ್ ಹತ್ತಿದ. ಟೀವಿಯಲ್ಲಿ ಖಾಲಿ ಕುರ್ಚಿ, ನೀಲಿ ಪರದೆ. ಊರೆಲ್ಲ ಬೈದುಕೊಳ್ಳುತ್ತ ಅದನ್ನೇ ನೋಡುತ್ತ ಕೂತಿತ್ತು.

"ನಮ್ಮಣ್ಣ ಸುಳ್ಳು ಯೋಳ್ತಾನಾ?" ಎಂದು ಲಕ್ಷ್ಮಿದೇವಮ್ಮ ಆಮೇಲೆ ರೇಗಿದಳು.

"ಸುಳ್ಳಲ್ಲ ಕಣೆ. ನಾನು ಬಾಯಿ ಬಿಟ್ ಮೇಲೆ ಅವ್ರು ಊರಿಗೆಲ್ಲ ಸತ್ತಂಗೆ. ಒಂದ್ಸಲ ಮುಖ ನೋಡ್ಬೇಡ್ವಾ?"

ಹೋದ ಮನೆಯಲ್ಲಿ ಕೇಳುತ್ತಿದ್ದದ್ದೂ ಒಂದೇ ಪ್ರಶ್ನೆ. ಮನೇಲಿ ಏನಂತ ಕರೀತಿದ್ರಿ? ಶ್ರೀಮತಿ ನಾರಾಯಣಮ್ಮ ಹೋದರು ಅಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಸೊಪ್ಪಿನ ನಾಣಮ್ಮ ಅಂದರೆ ನಾಲ್ಕು ಬೀದಿ ಎದ್ದು ಬರುತ್ತಿತ್ತು.

ಆಮೇಲೆ ಸೆಟ್‌ಟಾಪ್ ಬಾಕ್ಸು ಬಂತು, ದೊಡ್ಡ ಕಂಪನಿಗಳ ಕೈಗೆ ವೈರು ಹೋಯಿತು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ನೀಲಿ ಪರದೆಯನ್ನು ಲಕ್ಷ್ಮಿದೇವಮ್ಮ ಬೀರುವಿನ ಮೇಲೆ ಹೊದಿಸಿದಳು.

*

ಶಾಮಿಯಾನದ ಕೆಳಗೆ ಕುರ್ಚಿಗಳು ಅರ್ಧಕ್ಕರ್ಧ ಖಾಲಿ ಇದ್ದವು. ಊರಿನ ಸಾವನ್ನೆಲ್ಲ ಊರಿಗೆ ಹೇಳಿದವನ ಸಾವಿಗೆ ಊರು ಬಂದಿರಲಿಲ್ಲ. ಎದುರು ಸಾಲಿನ ಅಂಗಡಿಯವನು ತಮಟೆ ಶುರುವಾದ ಮೇಲೆ ಯಾರ ಮನೆ ಎಂದು ಕೇಳಿಕೊಂಡು ಬಂದ. ಲಕ್ಷ್ಮಿದೇವಮ್ಮ ಗಂಡನ ತಲೆಯ ಬಳಿ ಕುಳಿತಿದ್ದಳು. ಅಳು ಬಂದಿರಲಿಲ್ಲ. ಬೆಳಿಗ್ಗೆ ಆ ದನಿ ಕೇಳಿದಾಗ ಆದ ಸಂತೋಷ ಎದೆಯಲ್ಲಿ ಹಾಗೇ ಸಿಕ್ಕಿಕೊಂಡಿತ್ತು. ಗಂಡ ಸತ್ತ ಸುದ್ದಿಗೆ ಹಿಗ್ಗಿದ ಹೆಂಗಸು ನಾನು ಎಂಬುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂದು ಆಕೆಗೆ ತಿಳಿಯಲಿಲ್ಲ.

ಆಗ ಗೇಟಿನಲ್ಲಿ ರಾಮಕೃಷ್ಣಪ್ಪ ಕಾಣಿಸಿಕೊಂಡ. ಯಲಹಂಕದ ಮುದುಕಿಯೊಬ್ಬಳು ಅವನನ್ನು ನೋಡಿ ಕುರ್ಚಿಯಿಂದ ಅರ್ಧ ಎದ್ದಳು.

"ಇವ್ನು ಓಗ್ಬಿಟ್ನಲ್ಲವ್ವಾ ಯುಗಾದೀಲಿ."

"ಓಗಿದ್ದೆ, ವಾಪಸ್ ಬಂದಿವ್ನಿ, ಕುಂತ್ಕೋ," ಎಂದು ರಾಮಕೃಷ್ಣಪ್ಪ ಅವಳನ್ನು ದಾಟಿ ಜಗುಲಿಗೆ ಬಂದ. ಗೆಳೆಯನ ಮುಖ ನೋಡುತ್ತ ಹೆಣದ ಪಕ್ಕದಲ್ಲೇ ಕುಳಿತ.

"ಏನವ್ವಾ ಲಕ್ಷ್ಮಿದೇವಮ್ಮ, ನಂಗೆ ಯೋಳೋರೇ ಇಲ್ವಾ? ನನ್ ಫೋನಿಗೆ ಸಾವು ಬರಾಕಿಲ್ಲ. ಯಾವಾಗ್ಲೋ ಒಂದ್ಸಲ ಬೇಡ ಅಂತ ಒತ್ತಿದ್ನಂತೆ. ಬರೀ ಸೈಟಿಂದೇ ಬತ್ತದೆ. ಮೊಮ್ಮಗಳು ಕೇಳಿಸ್ಕಂಡು, ಯಾರೋ ಚಿಕ್ಕಹನುಮಯ್ಯ ಅಂತೆ ತಾತ ಅಂದ್ಲು. ನಮ್ ಕಡೆ ಮನೆಗೊಬ್ಬ ಚಿಕ್ಕಹನುಮಯ್ಯ. ಕೇಬಲ್ ಚಿಕ್ಕಣ್ಣ ಅನ್ಬಾರ್ದಾಗಿತ್ತಾ?"

ನಾಗೇಶ್ ತಲೆ ತಗ್ಗಿಸಿದ. ಲಕ್ಷ್ಮಿದೇವಮ್ಮನಂತೂ ಗಂಡನ ಹೆಸರನ್ನು ಯಾವತ್ತೂ ಬಾಯಲ್ಲಿ ತಂದವಳಲ್ಲ.

"ನಾನ್ ಸತ್ ದಿವ್ಸ ಇವ್ನು ನಮ್ಮನೇಗೆ ಬಂದಿದ್ದ, ಗೊತ್ತಾ ನಿಂಗೆ?"

ಆಕೆ ತಲೆ ಎತ್ತಿದಳು. ಗೊತ್ತಿರಲಿಲ್ಲ.

"ಮುದ್ದೆ ಉಣ್ತಾ ಕುಂತಿದ್ದೆ. ಬಾಗ್ಲಲ್ ಬಂದ್ ನಿಂತವ್ನೆ. ಕೈಯಲ್ಲಿ ಹಾರ ಬೇರೆ. ನನ್ ನೋಡಿ ಬೆಚ್ಚಿಬಿದ್ದ ನೋಡು. ಅತ್ರ ಬಂದು ಗಲ್ಲ ಮುಟ್ದ, ತಲೆ ಮುಟ್ದ. ಆಮೇಲೆ ಅಲ್ಲೇ ಕುಂತ್ಕಂಡು ಅತ್ತ. ದನಿ ಇಲ್ದೆ ಅಳೋದ್ ನೋಡಾಕಾಗಲ್ಲ ಕಣವ್ವ. ನಾನೇ ಯೋಳ್ದೆ, ಬಿಡಲೇ, ನೀನೇನ್ ಸಾಯ್ಸಿಲ್ಲ ಅಂತ. ಇಲ್ಲ, ಇಲ್ಲ ಅಂತ ಗಂಟ್ಲು ಮುಟ್ಟಿ ಮುಟ್ಟಿ ತೋರುಸ್ದ. ನಂದೇ ದನಿ, ನಂದೇ ದನಿ ಅಂತ."

ಲಕ್ಷ್ಮಿದೇವಮ್ಮನ ಹಿಂದೆ ಯಾರೋ ಮೂಗು ಸೀಟಿದರು. ಕಪ್ಪು ಬುರ್ಖಾ ತೊಟ್ಟ ಹೆಂಗಸೊಬ್ಬಳು ಅಷ್ಟು ಹೊತ್ತಿನಿಂದ ಕಂಬದ ಬಳಿ ನಿಂತಿದ್ದಳು. ನೆಂಟಳಲ್ಲ, ನೆರೆಯವಳಲ್ಲ.

"ನಮ್ಮನೆಗೂ ಬಂದಿದ್ರು," ಅಂದಳು. "ನಾನು ಸಬೀರಾ ಅಂತ, ಆರ್.ಟಿ. ನಗರ, ಮಸೀದಿ ಹಿಂದಿನ ಬೀದಿ. ನಮ್ಮ ಮಾವ ಹೋದಾಗ ಬಂದ್ರು. ಗುರುತಿಲ್ಲ, ಪರಿಚಯ ಇಲ್ಲ. ಮೈಯತ್ ಮುಂದೆ ಕೈ ಮುಗಿದು ನಿಂತ್ರು. ಆಮೇಲೆ ಫೋನಲ್ಲಿ ಬರ್ದು ತೋರ್ಸಿದ್ರು, ಮನೇಲಿ ಏನಂತ ಕರೀತಿದ್ರಿ ಅಂತ. ಗಡಿಯಾರ ಬಾಬಾ ಅಂತ ಹೇಳ್ದೆ, ಮಾವ ವಾಚ್ ರಿಪೇರಿ ಮಾಡ್ತಿದ್ರು. ಇವ್ರು ಮುಖ ನೋಡ್ಕೊಂಡೇ ತುಟಿ ಅಲ್ಲಾಡ್ಸಿದ್ರು. ಏನೋ ಓದ್ತಿರೋ ಹಾಗೆ. ದನಿ ಇರ್ಲಿಲ್ಲ."

"ಯಾವಾಗ?" ಎಂದಳು ಲಕ್ಷ್ಮಿದೇವಮ್ಮ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಎರಡು ವರ್ಷ ಆಯ್ತು. ಆಮೇಲೂ ನಮ್ಮ ಬೀದೀಲಿ ಯಾರೇ ಹೋದ್ರೂ ಬರ್ತಿದ್ರು, ಹಿಂದೂ ಮುಸಲ್ಮಾನ್ ಅಂತಿಲ್ಲ. ಫೋನಲ್ಲಿ ಬಂದಿದ್ದನ್ನ ಯಾರ್ ನಂಬ್ತಾರೆ ಹೇಳಿ? ಬಾಗ್ಲಲ್ಲಿ ವೈರ್ ಹಾಕಿದ್ ಚಪ್ಪಲಿ ಇದ್ಯಾ ನೋಡೇ ಅಂತ ನಮ್ಮ ಹುಡುಗೀರು ಅನ್ನೋರು. ಅದಿದ್ರೆ ಸುದ್ದಿ ನಿಜ."

ಎಲ್ಲರ ಕಣ್ಣೂ ಜಗುಲಿಯ ಮೂಲೆಗೆ ಹೋಯಿತು. ಕಂದು ಬಣ್ಣದ ಹಳೆಯ ಚಪ್ಪಲಿ ಅಲ್ಲೇ ಇತ್ತು. ಕಿತ್ತುಹೋದ ಪಟ್ಟಿಗೆ ಚಿಕ್ಕಹನುಮಯ್ಯ ಉಳಿದಿದ್ದ ಕೇಬಲ್ ವೈರನ್ನೇ ಸುತ್ತಿ ಹೊಲಿದುಕೊಂಡಿದ್ದ. ಹೊಸದು ಕೊಡಿಸುತ್ತೇನೆ ಎಂದು ನಯನಾ ಎಷ್ಟು ಹೇಳಿದರೂ ಕೇಳಿರಲಿಲ್ಲ.

ಈ ನಾಲ್ಕು ವರ್ಷ ಸಂಜೆಯಾದರೆ ಮನೆಯಲ್ಲಿ ನಿಲ್ಲದ ಗಂಡನಿಗೆ ಲಕ್ಷ್ಮಿದೇವಮ್ಮ ಅಂದದ್ದು ಒಂದೆರಡು ಮಾತಲ್ಲ. ಕಾಲಲ್ಲಿ ಚಕ್ರ ಐತಾ ನಿಮಗೆ ಅಂದಿದ್ದಳು. ಎಲ್ಲಾದರೂ ಬಿದ್ದರೆ ನಾನು ಬರಲ್ಲ ಅಂದಿದ್ದಳು. ಅವನು ಎಲ್ಲಿಗೆ ಹೋಗುತ್ತಿದ್ದ ಎಂದು ಹೇಳಲು ಬಾಯಿರಲಿಲ್ಲ, ಕೇಳಲು ಇವಳಿಗೆ ತಾಳ್ಮೆಯಿರಲಿಲ್ಲ. ಈಗ ಇಷ್ಟು ಜನರೆದುರು ಗೊತ್ತಾಯಿತು.

*

ಆ ದನಿಯನ್ನು ಮನೆಗೆ ಸೇರಿಸದವಳೂ ಇವಳೇ.

ಆಪರೇಷನ್ನಾಗಿ ಕೆಲವು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಒಳಗೆ ಸಾರು ಕುದಿಸುತ್ತಿದ್ದಾಗ, "ನಮಸ್ಕಾರ, ನಾನು ನಿಮ್ಮ ಚಿಕ್ಕಹನುಮಯ್ಯ," ಎಂದು ಹಾಲಿನಿಂದ ಕೇಳಿಸಿತು. ಸೌಟು ಬಿಟ್ಟು ಓಡಿದಳು. ಗಂಡ ಬಾಯಿ ಮುಚ್ಚಿಕೊಂಡು ಕುಳಿತಿದ್ದ. ದನಿ ನಾಗೇಶನ ಕೈಯ ಫೋನಿನಿಂದ ಬರುತ್ತಿತ್ತು. ಹಳೆಯ ಟೇಪುಗಳಲ್ಲಿ ಉಳಿದದ್ದನ್ನೆಲ್ಲ ಮಷಿನ್ನಿಗೆ ತಿನ್ನಿಸಿದ್ದೇನೆ, ಇನ್ನು ಏನು ಬರೆದುಕೊಟ್ಟರೂ ಅಣ್ಣನ ದನಿಯಲ್ಲೇ ಓದುತ್ತೆ ಎಂದು ನಾಗೇಶ್ ಹೇಳುತ್ತಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು. ಚಿಕ್ಕಹನುಮಯ್ಯ ಅಳುತ್ತಿದ್ದ, ಅಳುತ್ತಲೇ ಹೂಂ ಎಂದು ತಲೆಯಾಡಿಸುತ್ತಿದ್ದ.

ಲಕ್ಷ್ಮಿದೇವಮ್ಮನಿಗೆ ಭಯವಾಯಿತು. ಮುಚ್ಚಿದ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ.

"ನಾಗೇಸಾ, ಇದನ್ನ ನನ್ ಮನೇಲಿ ಮಾತ್ರ ಆಕ್ಬೇಡ," ಅಂದಳು.

ಅಂದಿನಿಂದ ಗಂಡ ಫೋನು ಹಿಡಿದು ಬೀದಿಯ ತುದಿಗೆ ಹೋಗಿ ತನ್ನ ದನಿ ಕೇಳಿಕೊಳ್ಳುತ್ತಿದ್ದ.

*

ಚಟ್ಟ ಎತ್ತುವ ಹೊತ್ತಿಗೆ ಮುನಿಕೃಷ್ಣಮ್ಮ ಅವನ ಬಟ್ಟೆಗಳನ್ನು ಗಂಟು ಕಟ್ಟಿ ತಂದಳು. ಜೊತೆಗೆ ಚಪ್ಪಲಿಯನ್ನೂ ಎತ್ತಿಕೊಂಡಳು.

"ಬಟ್ಟೆ ಒಯ್ರಿ," ಅಂದಳು ಲಕ್ಷ್ಮಿದೇವಮ್ಮ. "ಚಪ್ಲಿ ಇರ್ಲಿ."

"ಸತ್ತೋರ್ದು ಮನೇಲಿ ಇಟ್ಕಾಬಾರ್ದು ಕಣಕ್ಕಾ."

"ಇರ್ಲಿ ಅಂದ್ನಲ್ಲ."

ಹೆಂಗಸರು ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿದರು. ಮಣ್ಣು ಮುಗಿಸಿ ಬಂದ ನಾಗೇಶ್ ತಲೆಗೆ ನೀರು ಸುರಿದುಕೊಂಡು, ಅಣ್ಣನ ತಲೆಯಿಟ್ಟ ಜಾಗದಲ್ಲಿ ಹಚ್ಚಿದ್ದ ದೀಪಕ್ಕೆ ಕೈ ಮುಗಿದು, ಅತ್ತಿಗೆಯ ಮುಂದೆ ಕುಳಿತ. ಅವನ ಉಗುರುಗಳಲ್ಲಿ ಇನ್ನೂ ಮಣ್ಣಿತ್ತು.

"ಅತ್ತಿಗೆ, ನೀವು ಹೂಂ ಅನ್ನಿ, ಅಣ್ಣನ ದನಿ ಇವತ್ತೇ ತೆಗೆಸ್ಬಿಡ್ತೀನಿ. ಬೇರೆ ಯಾವ್ದಾದ್ರೂ ದನಿ ಓದ್ಕೊಳ್ಳಿ. ಆದ್ರೆ ಒಂದ್ ಮಾತು. ಟೇಪೆಲ್ಲ ಬೂಸ್ಟು ಹಿಡಿದು ಹಾಳಾಗೋದ್ವು. ಅಣ್ಣನ ದನಿ ಅಂತ ಉಳ್ದಿರೋದು ಅದ್ರಲ್ ಮಾತ್ರ. ಅಳಿಸಿದ್ರೆ ಮತ್ತೆ ಬರಲ್ಲ."

"ಅಳ್ಸಿ ಚಿಕ್ಕಪ್ಪಾ," ಅಂದಳು ನಯನಾ. "ಇನ್ನೆಷ್ಟ್ ಜನಕ್ಕೆ ಅಪ್ಪನ ಬಾಯಲ್ಲಿ ಸುಳ್ಳು ಹೇಳಿಸ್ತೀರಾ?"

ಲಕ್ಷ್ಮಿದೇವಮ್ಮ ದೀಪವನ್ನೇ ನೋಡುತ್ತಿದ್ದಳು. ಅಳಿಸು ಅಂದರೆ ಬೆಳಿಗ್ಗೆ ಕೇಳಿದ್ದೇ ಕಡೆಯದು. ಕಡೆಯ ಸಲ ಕೇಳಿದ್ದು ಅವರದೇ ಸಾವು, ಅದರ ಹಿಂದೆಯೇ ಕೊಡಿಗೇಹಳ್ಳಿಯ ಕರೆಂಟು. ಇರಲಿ ಅಂದರೆ ಅದು ಬದುಕಿದವರನ್ನು ಸಾಯಿಸುತ್ತ, ಸತ್ತವರ ಹೆಸರು ಕೆಡಿಸುತ್ತ ಓದುತ್ತಲೇ ಇರುತ್ತದೆ. ಅದರ ಹಿಂದೆ ಹೋಗಿ ಮುಖ ನೋಡಿ ಬರುವ ಕಾಲು ಇನ್ನಿಲ್ಲ. ಎರಡೂ ಆಕೆಯ ಕೈಲಾಗುವಂತಿರಲಿಲ್ಲ.

"ಸಂಜೆ ಸುದ್ದಿ ಆಕು," ಅಂದಳು.

"ಅಮ್ಮಾ, ಇವತ್ತು ಬೇಡಮ್ಮ."

"ಆಕು ನಾಗೇಸಾ."

ನಾಗೇಶ್ ಫೋನನ್ನು ದೀಪದ ಪಕ್ಕದಲ್ಲಿಟ್ಟ. ಚಿಕ್ಕಹನುಮಯ್ಯ ಆ ಮನೆಯಲ್ಲಿ ಮಾತಾಡತೊಡಗಿದ. ಮಳೆ ಬರಬಹುದು ಅಂದ. ಹೆಬ್ಬಾಳದಲ್ಲಿ ವಾಹನಗಳು ನಿಂತಿವೆ ಅಂದ. ಗೋಡೆಯ ಆಚೆ ಮುನಿಕೃಷ್ಣಮ್ಮ ನೀರು ಹಿಡಿಯುತ್ತಿದ್ದ ಸದ್ದು ನಿಂತಿತು. ಲಕ್ಷ್ಮಿದೇವಮ್ಮನಿಗೆ ಆಗ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಅಳುತ್ತಲೇ ಒಂದು ಮಾತೂ ಬಿಡದೆ ಕೇಳಿದಳು.

"ತುಂಬು ದುಃಖದಿಂದ ತಿಳಿಸುವುದೇನೆಂದರೆ, ಆರ್.ಟಿ. ನಗರ ಮಸೀದಿ ಹಿಂದಿನ ಬೀದಿಯ ಶ್ರೀಮತಿ ಪದ್ಮಶ್ರೀಯವರು ಇಂದು ಮಧ್ಯಾಹ್ನ ದೈವಾಧೀನರಾಗಿದ್ದಾರೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇದನ್ನ ಯಾರು ನೋಡ್ಕಂಡ್ ಬಂದ್ರು?"

ನಾಗೇಶ್ ಫೋನಿನ ದನಿ ನಿಲ್ಲಿಸಿದ.

"ಯಾರೂ ಇಲ್ವಾ?"

ಲಕ್ಷ್ಮಿದೇವಮ್ಮ ಎದ್ದಳು. ಜಗುಲಿಯ ಮೂಲೆಗೆ ಹೋಗಿ ಆ ಚಪ್ಪಲಿಯೊಳಗೆ ಕಾಲಿಟ್ಟಳು. ದೊಡ್ಡದಾಯಿತು. ವೈರು ಹೆಬ್ಬೆರಳಿಗೆ ಒತ್ತಿತು.

"ನಯನಾ, ಗಾಡಿ ತಗಿ."

"ಅಮ್ಮಾ, ಸೂತಕ. ಮಣ್ಣಾಗಿ ಇನ್ನೂ ಒಂದಿನ ಆಗಿಲ್ಲ. ಜನ ಏನಂತಾರೆ?"

"ಸಾವಿನ ಮನೇಲಿ ಸೂತಕದೋಳ್ನ ಯಾರು ಬೇಡ ಅಂತಾರೆ? ತಗಿ."

*

ಮೂರಂತಸ್ತಿನ ಹಳೆಯ ಕಟ್ಟಡ. ಬೀದಿಯಲ್ಲಿ ಶಾಮಿಯಾನವಿಲ್ಲ, ಬೆಂಕಿಯಿಲ್ಲ. ಆಟೊಗಳು ಎಂದಿನಂತೆ ಹಾರ್ನ್ ಮಾಡುತ್ತಿದ್ದವು. ಸುಳ್ಳೇ ಇರಬೇಕು, ರಾಮಕೃಷ್ಣಪ್ಪನ ಹಾಗೆ ಈಕೆಯೂ ಮುದ್ದೆ ತಿರುವುತ್ತಿರಲಿ ದೇವರೇ ಎಂದುಕೊಳ್ಳುತ್ತ ಲಕ್ಷ್ಮಿದೇವಮ್ಮ ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಮೊದಲ ಮಹಡಿಯ ಬಾಗಿಲಲ್ಲಿ ಚಪ್ಪಲಿಗಳ ರಾಶಿಯಿತ್ತು. ತನ್ನ ಕಾಲಿನದನ್ನೂ ಅಲ್ಲೇ ಬಿಟ್ಟು ಒಳಗೆ ಹೋದಳು.

ಗಾಜಿನ ಪೆಟ್ಟಿಗೆಯಲ್ಲಿ ತನ್ನದೇ ವಯಸ್ಸಿನ ಹೆಂಗಸು. ಹಣೆಗೆ ಅಗಲವಾದ ಕುಂಕುಮ. ಪಕ್ಕದಲ್ಲಿ ಕುಳಿತ ಮಗಳು ಕತ್ತೆತ್ತಿ ನೋಡಿದಳು.

"ಯಾರು ಅಂತ ಗೊತ್ತಾಗ್ಲಿಲ್ಲ."

ಲಕ್ಷ್ಮಿದೇವಮ್ಮ ಸೆರಗು ಸರಿಮಾಡಿಕೊಂಡಳು. "ಕೇಬಲ್ ಚಿಕ್ಕಣ್ಣ ಅಂತ. ಅವ್ರ ಮನೆಯೋಳು." ನಯನಾ ತಾಯಿಯ ಮುಖ ನೋಡಿದಳು.

ಆಕೆ ಪೆಟ್ಟಿಗೆಯ ಹತ್ತಿರ ಹೋಗಿ, ಬಾಗಿ, ಗಾಜಿನೊಳಗಿನ ಮುಖವನ್ನು ನಿಧಾನವಾಗಿ ನೋಡಿದಳು. ಆಮೇಲೆ ಕೇಳಿದಳು.

"ಮನೇಲಿ ಏನಂತ ಕರೀತಿದ್ರಿ ಮಗಾ?"

ಹುಡುಗಿ ಗಾಜಿನ ಮೇಲೆ ಕೈಯಿಟ್ಟಳು. "ಬೇಬಿ ಅಂತ. ಇಷ್ಟ್ ವಯಸ್ಸಾದ್ರೂ ಬೀದಿಗೆಲ್ಲ ಬೇಬಿಯಕ್ಕನೇ."

"ಆರ್.ಟಿ. ನಗರದ ಸಮಸ್ತ ಬಂಧುಗಳಿಗೆ," ಎಂದು ಲಕ್ಷ್ಮಿದೇವಮ್ಮ ಶುರುಮಾಡಿದಳು. ದನಿ ಒಡೆದಿತ್ತು, ಜೋರಾಗಿ ಬರಲಿಲ್ಲ. "ನಮ್ಮ ಬೇಬಿಯಕ್ಕ..." ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಬಂದ ಸದ್ದಾಗಿ ತಿರುಗಿ ನೋಡಿದಳು.

ಸಬೀರಾ. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದಳು, ಇನ್ನೊಂದು ಕಾಲಿನದು ಕಾಲಲ್ಲೇ ಇತ್ತು. ಒಳಗೆ ಯಾರಿದ್ದಾರೆಂದು ಇನ್ನೂ ನೋಡಿರಲಿಲ್ಲ. ಹೊಸ್ತಿಲಾಚೆಯ ರಾಶಿಯಲ್ಲಿ ಕಪ್ಪು ವೈರು ಹೊಲಿದ ಆ ಜೋಡಿಯನ್ನೇ ನೋಡುತ್ತ, ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಿದ್ದಳು.